ಒಸಡಿನ ಕೊಳೆ ಎದೆಗೆ ಇಳಿಯುವ ಬಗೆ

ಎರಡು ವರ್ಷಗಳ ಹಿಂದಿನ ಮಳೆಗಾಲ. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜನನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಎಪ್ಪತ್ತೆಂಟರ ಪ್ರಾಯ. ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿ ಏಳು ತಿಂಗಳಾಗಿತ್ತು. ಮನೆಯವರ ಆರೈಕೆಯಲ್ಲಿ ಕುಂದು ಹುಡುಕುವಂತಿರಲಿಲ್ಲ. ಹಾಸಿಗೆ ಶುಭ್ರವಾಗಿತ್ತು, ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ, ಗಂಜಿ ಮತ್ತು ಮಾತ್ರೆ ಹೊತ್ತು ಹೊತ್ತಿಗೆ ಆಗುತ್ತಿತ್ತು. ಆದರೂ ಆ ಏಳು ತಿಂಗಳಲ್ಲಿ ಅಜ್ಜ ಮೂರು ಬಾರಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದರು.

"ಶೀತ ಆಗಬಾರದು ಎಂದು ಕಿಟಕಿ ಕೂಡ ತೆರೆಯುವುದಿಲ್ಲ ಡಾಕ್ಟ್ರೇ. ಆದರೂ ಮಾವನಿಗೆ ಎದೆಯಲ್ಲಿ ಕಫ ಎಲ್ಲಿಂದ ಬರುತ್ತದೆ?" ಎಂದು ಸೊಸೆ ಕೇಳಿದರು.

ಟಾರ್ಚ್ ಹಿಡಿದು ಅಜ್ಜನ ಬಾಯಿ ತೆರೆಸಿದೆ. ಸ್ವಾಧೀನ ತಪ್ಪಿದ ಬದಿಯ ಕೆನ್ನೆಯೊಳಗೆ ಬೆಳಗ್ಗಿನ ಗಂಜಿಯ ಅಗುಳುಗಳು ಹಾಗೆಯೇ ಕುಳಿತಿದ್ದವು. ನಾಲಗೆಯ ಮೇಲೆ ದಪ್ಪನೆಯ ಬಿಳಿ ಪದರ. ಕೆಳಗೆ ಉಳಿದಿದ್ದ ಆರೇಳು ಹಲ್ಲುಗಳ ಬುಡದಲ್ಲಿ ಹಳದಿ ಕಿಟ್ಟ ಕಟ್ಟಿತ್ತು. ಒಸಡು ಊದಿಕೊಂಡಿತ್ತು, ಹತ್ತಿ ತಾಗಿಸಿದರೆ ರಕ್ತ ಬರುತ್ತಿತ್ತು. ಮೇಲಿನ ಹಲ್ಲಿನ ಸೆಟ್ಟನ್ನು ಯಾರೂ ತೆಗೆದೇ ಇರಲಿಲ್ಲ. ಅದು ಹಗಲೂ ರಾತ್ರಿ ಬಾಯಲ್ಲೇ ಇತ್ತು.

ಬಾಯಿ ತೊಳೆಸುವುದು ಯಾವಾಗ ಎಂದು ಕೇಳಿದೆ. ಸೊಸೆ ಗಂಡನ ಮುಖ ನೋಡಿದರು. ಮಗ ಹೇಳಿದ: "ಬಾಪಾ ಐದು ಹೊತ್ತೂ ವುಝೂ ಮಾಡುತ್ತಿದ್ದವರು, ಬಾಯಿ ಯಾವತ್ತೂ ಶುಚಿ. ಈಗ ಕೈಲಾಗುವುದಿಲ್ಲವಲ್ಲ, ತಯಮ್ಮುಮ್ ಮಾಡಿಸುತ್ತೇವೆ."

ನನಗೆ ವಿಷಯ ಹೊಳೆದದ್ದು ಆಗ. ವುಝೂವಿನಲ್ಲಿ ಹೊತ್ತಿಗೆ ಮೂರು ಬಾರಿಯಂತೆ ದಿನಕ್ಕೆ ಹದಿನೈದು ಬಾರಿ ನೀರು ಕಂಡಿದ್ದ ಬಾಯಿ ಅದು. ತಯಮ್ಮುಮ್‌ನಲ್ಲಿ ಸವರುವುದು ಮುಖ ಮತ್ತು ಕೈಗಳನ್ನು ಮಾತ್ರ. ರೋಗಿಗೆ ಕಷ್ಟವಾಗದಿರಲಿ ಎಂದು ಇರುವ ರಿಯಾಯಿತಿ ಅದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮಾಝಿನ ಜೊತೆ ತಾನಾಗಿಯೇ ಆಗುತ್ತಿದ್ದ ಬಾಯಿಯ ಶುಚಿ ನಿಂತುಹೋದದ್ದು ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಆ ಬಳಿಕ ಹಾಸಿಗೆ ಹಿಡಿದವರಿರುವ ಮನೆಗೆ ಹೋದಾಗಲೆಲ್ಲ ನಾನು ಮೊದಲು ಬಾಯಿ ನೋಡುತ್ತೇನೆ. ಹೆಚ್ಚಿನ ಮನೆಗಳಲ್ಲಿ ಇದೇ ಕಥೆ.

ಬಾಯಿಯಿಂದ ಎದೆಗೆ ದಾರಿ

ಗಂಟಲಿನ ಕೆಳಗೆ ಅನ್ನನಾಳ ಮತ್ತು ಶ್ವಾಸನಾಳ ಅಕ್ಕಪಕ್ಕದಲ್ಲೇ ಇವೆ. ನುಂಗುವಾಗ ಶ್ವಾಸನಾಳದ ಬಾಯಿಯನ್ನು ಒಂದು ಮುಚ್ಚಳ ಮುಚ್ಚುತ್ತದೆ. ಈ ವ್ಯವಸ್ಥೆ ಅದ್ಭುತವಾದದ್ದು, ಆದರೆ ನೂರಕ್ಕೆ ನೂರು ಬಿಗಿಯಾದದ್ದಲ್ಲ. ಆರೋಗ್ಯವಂತರಲ್ಲೂ ಸುಮಾರು ಅರ್ಧದಷ್ಟು ಜನರ ಶ್ವಾಸನಾಳಕ್ಕೆ ಗಾಢ ನಿದ್ದೆಯಲ್ಲಿ ಸ್ವಲ್ಪ ಉಗುಳು ಜಾರುತ್ತದೆ ಎಂದು ಪರೀಕ್ಷೆಗಳಿಂದ ಗೊತ್ತಾಗಿದೆ. ನಮಗೆ ಏನೂ ಆಗುವುದಿಲ್ಲ. ಏಕೆಂದರೆ ಜಾರಿದ್ದು ತೀರಾ ಕಡಿಮೆ, ಕೆಮ್ಮು ಗಟ್ಟಿಯಾಗಿದೆ, ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ಕೂದಲುಗಳು ಅದನ್ನು ಮೇಲಕ್ಕೆ ಗುಡಿಸುತ್ತವೆ, ಉಳಿದದ್ದನ್ನು ರಕ್ತದ ಬಿಳಿ ಕಣಗಳು ನೋಡಿಕೊಳ್ಳುತ್ತವೆ.

ಪಾರ್ಶ್ವವಾಯು, ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇರುವವರಲ್ಲಿ ನುಂಗುವ ಸ್ನಾಯುಗಳು ದುರ್ಬಲವಾಗುತ್ತವೆ. ನಿದ್ದೆ ಮಾತ್ರೆ ತಿನ್ನುವವರಲ್ಲೂ ತೀರಾ ವೃದ್ಧರಲ್ಲೂ ಹೀಗಾಗುತ್ತದೆ. ಕೆಮ್ಮು ಸೋತಿರುತ್ತದೆ. ಮಲಗಿಯೇ ಇರುವುದರಿಂದ ಉಗುಳು ಹಿಂದಕ್ಕೆ ಹರಿಯುತ್ತದೆ. ಹೀಗೆ ಜಾರುವ ಉಗುಳಿನಲ್ಲಿ ಏನಿದೆ ಎಂಬುದು ಆಗ ಮುಖ್ಯವಾಗುತ್ತದೆ. ಒಸಡಿನ ಪಾತ್ರ ಬರುವುದು ಇಲ್ಲೇ.

ಹಲ್ಲು ಮತ್ತು ಒಸಡಿನ ನಡುವೆ ಒಂದು ಸಣ್ಣ ಸಂದು ಇದೆ. ಆರೋಗ್ಯವಂತ ಒಸಡಿನಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ಹಲ್ಲಿನ ಬುಡದಲ್ಲಿ ಅಂಟುವ ಮೆತ್ತನೆಯ ಪದರವನ್ನು ದಿನವೂ ಉಜ್ಜಿ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ, ಒಸಡು ಊದುತ್ತದೆ, ಸಂದು ಆಳವಾಗುತ್ತಾ ಹೋಗುತ್ತದೆ. ಗಾಳಿಯಾಡದ ಆ ಆಳದಲ್ಲಿ ಪೋರ್ಫೈರೋಮೋನಸ್ ಜಿಂಜಿವಾಲಿಸ್, ಫ್ಯೂಸೋಬ್ಯಾಕ್ಟೀರಿಯಂ ಮುಂತಾದ ರೋಗಾಣುಗಳು ಮನೆ ಮಾಡುತ್ತವೆ. ಆಸ್ಪತ್ರೆಯಲ್ಲಿದ್ದು ಬಂದವರ ಹಲ್ಲಿನ ಕಿಟ್ಟದಲ್ಲಿ ಕ್ಲೆಬ್ಸಿಯೆಲ್ಲಾದಂತಹ, ನೇರವಾಗಿ ನ್ಯುಮೋನಿಯಾ ತರಬಲ್ಲ ರೋಗಾಣುಗಳೂ ಸಿಗುತ್ತವೆ. ಒಸಡಿನ ಕಾಯಿಲೆಯಲ್ಲಿ ಉಂಟಾಗುವ ಕಿಣ್ವಗಳು ಗಂಟಲಿನ ಒಳಪದರದ ರಕ್ಷಣೆಯನ್ನು ಕೆಡಿಸಿ, ಬೇರೆ ರೋಗಾಣುಗಳು ಅಲ್ಲಿ ಅಂಟಿಕೊಳ್ಳಲು ಅನುಕೂಲ ಮಾಡಿಕೊಡುತ್ತವೆ ಎಂಬುದು ಸಂಶೋಧಕರ ಅಭಿಪ್ರಾಯ.

ಕಿಟಕಿ ಮುಚ್ಚಿದ್ದರೂ ಅಜ್ಜನ ಎದೆಗೆ ಕಫ ಬಂದದ್ದು ಹೀಗೆ. ಅದು ಹೊರಗಿನ ಗಾಳಿಯಿಂದ ಬಂದದ್ದಲ್ಲ.

ಯುನಾನಿಯಲ್ಲಿ ನಝ್ಲಾ ಎಂಬ ಪದವಿದೆ. ತಲೆಯ ಭಾಗದ ದ್ರವ ಮೂಗಿನ ಕಡೆ ಇಳಿದರೆ ಝುಕಾಮ್, ಗಂಟಲು ಮತ್ತು ಎದೆಯ ಕಡೆ ಇಳಿದರೆ ನಝ್ಲಾ. ಮೇಲಿನದು ಕೆಳಗಿಳಿದು ಎದೆಯನ್ನು ಕೆಡಿಸುತ್ತದೆ ಎಂಬ ಈ ಕಲ್ಪನೆ ಕಾಲೇಜಿನಲ್ಲಿ ಓದುವಾಗ ನನಗೆ ತೀರಾ ಹಳೆಯದಾಗಿ ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ಹಾಗೆಂದು ನಮ್ಮ ಹಕೀಮರಿಗೆ ರೋಗಾಣುಗಳ ವಿಷಯವೆಲ್ಲ ಗೊತ್ತಿತ್ತು ಎಂದು ಹೇಳುವವರ ಜೊತೆ ನಾನು ಸೇರುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ. ಆದರೆ ಅವರು ರೋಗಿಯ ಬಾಯಿಯನ್ನು ಗಮನವಿಟ್ಟು ನೋಡುತ್ತಿದ್ದರು. ಇಬ್ನ್ ಸೀನಾರ ಅಲ್ ಕಾನೂನ್ ಗ್ರಂಥದಲ್ಲಿ ಹಲ್ಲು ಮತ್ತು ಒಸಡಿನ ಕಾಯಿಲೆಗಳಿಗೆಂದೇ ಅಧ್ಯಾಯಗಳಿವೆ.

ಜಪಾನಿನ ವೃದ್ಧಾಶ್ರಮಗಳಲ್ಲಿ ಕಂಡದ್ದು

ಜಪಾನಿನ 11 ವೃದ್ಧಾಶ್ರಮಗಳಲ್ಲಿ ನಡೆದ ಒಂದು ಅಧ್ಯಯನವನ್ನು ನಾನು ಮನೆಮನೆಯಲ್ಲೂ ಹೇಳುತ್ತಿರುತ್ತೇನೆ. ಅದರ ಫಲಿತಾಂಶ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿನ ವೃದ್ಧರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಪ್ರತಿ ಊಟದ ನಂತರ ಆರೈಕೆಯವರೇ ಬ್ರಷ್‌ನಿಂದ ಬಾಯಿ ಶುಚಿ ಮಾಡಿದರು. ಇನ್ನೊಂದು ಗುಂಪು ಎಂದಿನಂತೆ ಇತ್ತು. ಎರಡು ವರ್ಷಗಳಲ್ಲಿ ಎಂದಿನಂತೆ ಇದ್ದ ಗುಂಪಿನ 182 ಜನರಲ್ಲಿ 34 ಮಂದಿಗೆ ನ್ಯುಮೋನಿಯಾ ಬಂತು. ಬಾಯಿ ಶುಚಿ ಮಾಡಿಸಿಕೊಂಡ 184 ಜನರಲ್ಲಿ 21 ಮಂದಿಗೆ ಬಂತು. ಅಂದರೆ ನೂರಕ್ಕೆ 19 ಇದ್ದದ್ದು 11ಕ್ಕೆ ಇಳಿಯಿತು. ನ್ಯುಮೋನಿಯಾದಿಂದ ಆದ ಸಾವುಗಳೂ ಕಡಿಮೆಯಾದವು. ಹೊಸ ಔಷಧವಿಲ್ಲ, ಯಂತ್ರವಿಲ್ಲ, ಒಂದು ಬ್ರಷ್ ಮತ್ತು ಕೆಲವು ನಿಮಿಷಗಳ ಸಮಯ ಅಷ್ಟೇ.

ಅದೇ ಅಧ್ಯಯನದ ಇನ್ನೊಂದು ಮಾತು ನಮ್ಮ ಮನೆಗಳಿಗೆ ಹೆಚ್ಚು ಬೇಕಾದದ್ದು. ಹಲ್ಲಿಲ್ಲದವರಿಗೂ ಇದರಿಂದ ಪ್ರಯೋಜನವಾಯಿತು. "ಉಮ್ಮನಿಗೆ ಒಂದು ಹಲ್ಲೂ ಇಲ್ಲ, ಬ್ರಷ್ ಮಾಡುವುದು ಏನನ್ನು?" ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ನಾಲಗೆ ಇದೆ, ಒಸಡಿನ ದಿಂಡು ಇದೆ, ಕೆನ್ನೆಯ ಒಳಗಿನ ಸಂದು ಇದೆ. ಕೊಳೆ ಅಲ್ಲೂ ಕೂರುತ್ತದೆ.

ಹಲ್ಲಿನ ಸೆಟ್ ಬಗ್ಗೆಯೂ ಜಪಾನಿನವರೇ ನೋಡಿದ್ದಾರೆ. 85 ದಾಟಿದ 524 ಮಂದಿಯನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ರಾತ್ರಿ ಸೆಟ್ ತೆಗೆಯಲೇಬೇಕು. ಬ್ರಷ್ ಮತ್ತು ಸೋಪಿನಿಂದ ಉಜ್ಜಿ, ತೊಳೆದು, ಶುದ್ಧ ನೀರಿನ ಡಬ್ಬಿಯಲ್ಲಿ ಹಾಕಿಡಿ. ಕುದಿಯುವ ನೀರಿಗೆ ಹಾಕಬೇಡಿ, ಸೆಟ್ ಸೊಟ್ಟಗಾಗುತ್ತದೆ.

ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಿರುವ ರೋಗಿಗಳ ಮನೆಯವರು "ಬಾಯಲ್ಲಿ ಏನೂ ತಿನ್ನುವುದಿಲ್ಲವಲ್ಲ, ಕೊಳೆ ಎಲ್ಲಿಂದ?" ಎನ್ನುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. ಅಗಿಯುವುದು ನಿಂತರೆ ಉಗುಳು ಕಡಿಮೆಯಾಗುತ್ತದೆ, ಬಾಯಿ ಒಣಗುತ್ತದೆ, ರೋಗಾಣುಗಳು ಹೆಚ್ಚುತ್ತವೆ. ಅವರ ಬಾಯಿಗೇ ಹೆಚ್ಚು ಗಮನ ಬೇಕು.

ಹಾಸಿಗೆಯಲ್ಲಿರುವವರ ಬಾಯಿ ತೊಳೆಸುವುದು

ಇದನ್ನು ನಾನು ಸೊಸೆಗೆ ಕೈಯಲ್ಲೇ ಮಾಡಿ ತೋರಿಸಿದೆ. ಇಲ್ಲಿ ಬರೆದು ತೋರಿಸುತ್ತೇನೆ. ಗಡಿಬಿಡಿ ಮಾಡಿದರೆ ಬಾಯಿ ತೊಳೆಯಲು ಹಾಕಿದ ನೀರೇ ಎದೆಗೆ ಹೋದೀತು, ಆದ್ದರಿಂದ ನಿಧಾನವಾಗಿ ಓದಿ.

ಅಂಗಾತ ಮಲಗಿದವರ ಬಾಯಿಗೆ ಎಂದೂ ನೀರು ಹಾಕಬೇಡಿ. ಬೆನ್ನಿಗೆ ದಿಂಬು ಕೊಟ್ಟು ಆದಷ್ಟು ನೇರವಾಗಿ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿರಲಿ. ಕೂರಿಸಲು ಆಗದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿ ಕೆಳಮುಖವಾಗುವಂತೆ ತಲೆ ಇಟ್ಟು, ಕೆನ್ನೆಯ ಕೆಳಗೆ ಟವಲ್ ಹಾಸಿ. ಮೊದಲು ನಿಮ್ಮ ಕೈ ಸೋಪಿನಿಂದ ತೊಳೆಯಿರಿ. ಏನು ಮಾಡುತ್ತಿದ್ದೀರಿ ಎಂದು ಅವರಿಗೆ ಹೇಳಿ. ಪ್ರಜ್ಞೆ ಇಲ್ಲ ಎಂದುಕೊಂಡವರೂ ಕೇಳಿಸಿಕೊಳ್ಳುತ್ತಿರಬಹುದು, ಹೇಳದೆ ಬಾಯಿಗೆ ಕೈ ಹಾಕಿದರೆ ಯಾರಾದರೂ ಹಲ್ಲು ಕಚ್ಚುತ್ತಾರೆ.

ಮಕ್ಕಳ ಬ್ರಷ್ ತೆಗೆದುಕೊಳ್ಳಿ, ಅದರ ತಲೆ ಸಣ್ಣದು, ಕೂದಲು ಮೃದು. ನೀರಿನಲ್ಲಿ ಅದ್ದಿ ಚೆನ್ನಾಗಿ ಕೊಡವಿ. ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು, ನೊರೆ ಹೆಚ್ಚಾದರೆ ಅವರಿಗೆ ಉಗಿಯಲಾಗುವುದಿಲ್ಲ. ಒಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಬ್ರಷ್ ಇಟ್ಟು ಸಣ್ಣಗೆ ಸುತ್ತಿಸಿ. ಹೊರಬದಿ ಮುಗಿಸಿ ಒಳಬದಿಗೆ ಹೋಗಿ. ನಡುನಡುವೆ ಬ್ರಷ್ಷನ್ನು ಲೋಟದ ನೀರಿನಲ್ಲಿ ಜಾಲಾಡಿಸಿ. ಆಮೇಲೆ ಸ್ವಚ್ಛವಾದ ಗಾಜ್ ಬಟ್ಟೆ ಅಥವಾ ಮೆತ್ತನೆಯ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಒದ್ದೆ ಮಾಡಿ ಹಿಂಡಿ, ಕೆನ್ನೆಯೊಳಗಿನ ಸಂದನ್ನು ಒರೆಸಿ. ಪಾರ್ಶ್ವವಾಯುವಾದ ಬದಿಯನ್ನು ವಿಶೇಷವಾಗಿ ನೋಡಿ. ಅಲ್ಲಿ ಆಹಾರ ಉಳಿದದ್ದು ರೋಗಿಗೇ ಗೊತ್ತಾಗುವುದಿಲ್ಲ. ಅಂಗುಳ, ನಾಲಗೆ ಎಲ್ಲವನ್ನೂ ಹಿಂದಿನಿಂದ ಮುಂದಕ್ಕೆ ಒರೆಸಬೇಕು, ಗಂಟಲಿನ ಕಡೆಗೆ ತಳ್ಳಬಾರದು. ತೀರಾ ಹಿಂದಕ್ಕೆ ಹೋದರೆ ವಾಂತಿ ಬರುತ್ತದೆ. ಹಲ್ಲಿರುವವರ ಮೇಲಿನ ಮತ್ತು ಕೆಳಗಿನ ಸಾಲಿನ ನಡುವೆ ಬೆರಳು ಇಡಬೇಡಿ, ನನ್ನ ಬೆರಳೇ ಒಮ್ಮೆ ಸಿಕ್ಕಿಹಾಕಿಕೊಂಡಿತ್ತು. ಕೊನೆಗೆ ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ.

ಮೊದಲ ವಾರ ರಕ್ತ ಕಾಣುತ್ತದೆ. ಅದನ್ನು ಕಂಡು ನಿಲ್ಲಿಸುವವರೇ ಜಾಸ್ತಿ. ಒಸಡು ಊದಿರುವುದರಿಂದ ರಕ್ತ ಬರುತ್ತದೆ, ಊದಿರುವುದು ಕೊಳೆಯಿಂದ. ಮೆತ್ತಗೆ ಮುಂದುವರಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಅಥವಾ ರಕ್ತ ನಿಲ್ಲದೆ ಬರುತ್ತಿದ್ದರೆ, ವೈದ್ಯರಿಗೆ ಹೇಳಿ.

ಉಗಿಯಲಾಗದವರ ಬಾಯಿಗೆ ಮೌತ್‌ವಾಶ್ ಆಗಲಿ, ಉಪ್ಪುನೀರಾಗಲಿ, ನಮ್ಮ ಕಷಾಯವಾಗಲಿ ಹಾಕಲೇಬೇಡಿ. ಊಟ ಕೊಟ್ಟ ಕೂಡಲೇ ಮಲಗಿಸದೆ ಅರ್ಧ ಗಂಟೆಯಾದರೂ ಕೂರಿಸಿ. ದಿನಕ್ಕೆ ಎಷ್ಟು ಬಾರಿ ಎಂದು ಕೇಳುತ್ತೀರಿ. ಊಟವಾದಾಗಲೆಲ್ಲ ಮಾಡಿದರೆ ಒಳ್ಳೆಯದು. ಕೈಯಲ್ಲಿ ಕೂಸೂ ಇದೆ, ಅಡುಗೆಯೂ ಇದೆ ಎನ್ನುವವರು ಎರಡು ಬಾರಿಯಾದರೂ ಮಾಡಲಿ. ರಾತ್ರಿಯದ್ದನ್ನು ಮಾತ್ರ ತಪ್ಪಿಸಬಾರದು, ಏಕೆಂದರೆ ಉಗುಳು ಹೆಚ್ಚು ಜಾರುವುದು ನಿದ್ದೆಯಲ್ಲಿ. ಗಂಡು ಮಕ್ಕಳೂ ಇದನ್ನು ಕಲಿಯಲಿ. ಮಾವನ ಬಾಯಿ ಶುಚಿಯನ್ನು ಸೊಸೆಯೊಬ್ಬಳೇ ಮಾಡಬೇಕೆಂದು ಯಾವ ಕಿತಾಬಿನಲ್ಲೂ ಇಲ್ಲ.

ಓಡಾಡುವವರ ವಿಷಯ

ಐದು ಹೊತ್ತು ವುಝೂ ಮಾಡುವ ನಮ್ಮ ಒಸಡು ಚೆನ್ನಾಗಿರಬೇಕಲ್ಲವೇ? ನನ್ನ ಕ್ಲಿನಿಕ್ಕಿನಲ್ಲಿ ನಾನು ಕಾಣುವುದು ಬೇರೆ. ಬಾಯಿ ಮುಕ್ಕಳಿಸಿದರೆ ಆಹಾರದ ಚೂರು ಹೋಗುತ್ತದೆ, ಹಲ್ಲಿಗೆ ಅಂಟಿದ ಪದರ ಹೋಗುವುದಿಲ್ಲ. ಅದನ್ನು ಉಜ್ಜಿಯೇ ತೆಗೆಯಬೇಕು. ಪ್ರವಾದಿ(ಸ)ರು ಮಿಸ್ವಾಕಿಗೆ ಅಷ್ಟೊಂದು ಒತ್ತು ಕೊಟ್ಟದ್ದನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆದರೆ ಮಿಸ್ವಾಕ್ ಬಳಸುವ ಕ್ರಮ ಕಲಿತವರು ಕಡಿಮೆ. ತಿಂಗಳುಗಟ್ಟಲೆ ಜುಬ್ಬಾದ ಜೇಬಿನಲ್ಲಿ ನಾಣ್ಯಗಳ ಜೊತೆ ಒಣಗಿದ ಕಡ್ಡಿಯನ್ನು ಮುಂದಿನ ನಾಲ್ಕು ಹಲ್ಲಿಗೆ ಎರಡು ಸಲ ಎಳೆದರೆ ಏನೂ ಆಗುವುದಿಲ್ಲ. ತುದಿಯನ್ನು ನೀರಿನಲ್ಲಿ ನೆನೆಸಿ, ಅಗಿದು ಕುಂಚದಂತೆ ಮಾಡಿ, ದವಡೆ ಹಲ್ಲುಗಳವರೆಗೆ, ಒಳಬದಿಗೂ ತಲುಪಿಸಬೇಕು. ಹಳೆಯ ತುದಿಯನ್ನು ಆಗಾಗ ಕತ್ತರಿಸಬೇಕು. ಅಡ್ಡಡ್ಡ ಗಟ್ಟಿಯಾಗಿ ಉಜ್ಜಿದರೆ ಒಸಡು ಸವೆದು ಹಲ್ಲಿನ ಬೇರು ಕಾಣುತ್ತದೆ. ದವಡೆಯ ಒಳಬದಿಗೆ ಕಡ್ಡಿ ತಲುಪಿಸುವುದು ಹೆಚ್ಚಿನವರಿಗೆ ಕಷ್ಟ. ಹಾಗಾಗಿ ಹಗಲು ಮಿಸ್ವಾಕ್, ರಾತ್ರಿ ಮಲಗುವ ಮುನ್ನ ಬ್ರಷ್ ಎಂದು ನಾನು ಹೇಳುತ್ತೇನೆ. ರಮಝಾನಿನಲ್ಲಿ ಸಹ್ರಿ ಉಂಡು ಹಾಗೆಯೇ ಮಲಗುವವರು ಐದು ನಿಮಿಷ ಮೊದಲು ಊಟ ಮುಗಿಸಿ ಬ್ರಷ್ ಮಾಡಿಕೊಳ್ಳಲಿ.

ಯುನಾನಿಯ ಸನೂನ್, ಅಂದರೆ ಹಲ್ಲಿನ ಪುಡಿಗಳು, ಮಾಚಿಕಾಯಿ ಮತ್ತು ದಾಳಿಂಬೆ ಸಿಪ್ಪೆಯ ಕಷಾಯದಿಂದ ಮುಕ್ಕಳಿಸುವುದು, ಇವೆಲ್ಲ ಒಸಡನ್ನು ಬಿಗಿ ಮಾಡುವ ಗುಣದವು. ರಕ್ತ ಕಡಿಮೆಯಾಗುತ್ತದೆ, ಹಿತವೆನಿಸುತ್ತದೆ. ನಾನೂ ಕೊಡುತ್ತೇನೆ. ಆದರೆ ಕಲ್ಲಿನಂತೆ ಕಟ್ಟಿದ ಕಿಟ್ಟ ಯಾವ ಪುಡಿಯಿಂದಲೂ ಹೋಗುವುದಿಲ್ಲ. ಅದನ್ನು ದಂತವೈದ್ಯರೇ ತೆಗೆಯಬೇಕು. ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಒಸಡಿನ ಕಾಯಿಲೆಯಿಂದ ಮೂಳೆ ಕರಗಿ ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕಿಟ್ಟ ಅದನ್ನು ಮರೆಮಾಡಿರುತ್ತದೆ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಹೋಗಿ ತೋರಿಸಬೇಕು. ಅವರ ಒಸಡು ಬೇಗ ಕೆಡುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ.

ಬೀಡಿ, ಸಿಗರೇಟು ಸೇದುವವರಿಗೆ ಒಂದು ಎಚ್ಚರಿಕೆ. ಹೊಗೆಸೊಪ್ಪಿನ ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆದ್ದರಿಂದ ಒಳಗೆ ಒಸಡು ಕೊಳೆಯುತ್ತಿದ್ದರೂ ರಕ್ತ ಬರುವುದಿಲ್ಲ. "ನನಗೆ ರಕ್ತವೇ ಬರುವುದಿಲ್ಲ, ಒಸಡು ಗಟ್ಟಿ" ಎನ್ನುವ ಸೇದುಗರನ್ನು ನಾನು ನಂಬುವುದಿಲ್ಲ. ಹಲ್ಲುನೋವಿಗೆಂದು ಒಸಡಿಗೆ ನಶ್ಯ ತಿಕ್ಕುವ ಅಜ್ಜಿಯಂದಿರಿಗೂ ಇದೇ ಮಾತು, ಅದೂ ಹೊಗೆಸೊಪ್ಪೇ. ದೀರ್ಘಕಾಲದ ದಮ್ಮು ಮತ್ತು ಕೆಮ್ಮು ಇರುವವರಲ್ಲಿ ಒಸಡಿನ ಕಾಯಿಲೆ ಹೆಚ್ಚಾಗಿ ಕಾಣುತ್ತದೆ. ಧೂಮಪಾನ ಎರಡನ್ನೂ ತರುವುದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಒಸಡಿಗೆ ಚಿಕಿತ್ಸೆ ಮಾಡಿಸಿಕೊಂಡ ಇಂತಹ ರೋಗಿಗಳಲ್ಲಿ ದಮ್ಮು ಉಲ್ಬಣಿಸುವುದು ಕಡಿಮೆಯಾಯಿತು ಎನ್ನುವ ಸಣ್ಣ ಅಧ್ಯಯನಗಳಿವೆ. ಅಷ್ಟನ್ನೇ ನಂಬಿ ಬೀಡಿ ಬಿಡದೆ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದರೆ ಪ್ರಯೋಜನವಿಲ್ಲ.

ಅಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳುವವರು ಪ್ರತಿ ಬಾರಿಯೂ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲವಾದರೆ ಬಾಯಲ್ಲಿ ಬಿಳಿ ಬೂಸ್ಟು ಬೆಳೆಯುತ್ತದೆ. ಬೆಳಿಗ್ಗೆ ಫಜ್ರ್ ವುಝೂವಿಗೆ ಮೊದಲು ಇನ್‌ಹೇಲರ್ ತೆಗೆದುಕೊಂಡರೆ ಈ ಕೆಲಸ ಮರೆತುಹೋಗುವುದಿಲ್ಲ. ಬೂಸ್ಟಿಗೆ ಹೆದರಿ ಇನ್‌ಹೇಲರ್ ನಿಲ್ಲಿಸಬೇಡಿ.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಉಣ್ಣುವಾಗ ಪ್ರತಿ ತುತ್ತಿಗೂ ಕೆಮ್ಮುವುದು, ಉಂಡ ಮೇಲೆ ಧ್ವನಿ ನೀರಿನಲ್ಲಿ ಮಾತಾಡಿದಂತೆ ಗೊರಗೊರ ಅನ್ನುವುದು, ಇವು ನುಂಗುವಿಕೆ ಕೆಟ್ಟಿರುವ ಲಕ್ಷಣ. ಜ್ವರ ಬರುವ ಮೊದಲೇ ವೈದ್ಯರಿಗೆ ತೋರಿಸಿ. ಜ್ವರ, ಏದುಸಿರು, ಹಳದಿ ಅಥವಾ ಹಸಿರು ಕಫ ಬಂದರೆ ಮನೆಯಲ್ಲಿ ಜೋಶಾಂದಾ ಕುದಿಸುತ್ತಾ ಕೂರಬೇಡಿ. ನಾನು ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ, ನ್ಯುಮೋನಿಯಾ ಆಸ್ಪತ್ರೆಯ ಕಾಯಿಲೆ. ವೃದ್ಧರಲ್ಲಿ ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ನಿನ್ನೆವರೆಗೆ ಗುರುತು ಹಿಡಿಯುತ್ತಿದ್ದವರು ಇವತ್ತು ಮಂಕಾಗುತ್ತಾರೆ, ಊಟ ಬಿಡುತ್ತಾರೆ, ಉಸಿರು ಮಾತ್ರ ಜೋರಾಗಿರುತ್ತದೆ. ಅದನ್ನು ಪ್ರಾಯದ ದೋಷ ಎಂದು ತಳ್ಳಿಹಾಕಬಾರದು. ಯಾವ ಪ್ರಾಯದವರಿಗೇ ಆದರೂ ಕೆಮ್ಮು ಎರಡು ವಾರ ದಾಟಿದರೆ ಒಸಡಿನ ಮಾತು ಆಮೇಲೆ, ಮೊದಲು ಕ್ಷಯದ ಕಫ ಪರೀಕ್ಷೆ. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಆ ಅಜ್ಜನ ಮನೆಗೆ ಮರುವಾರ ಹೋದಾಗ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಸಣ್ಣ ಬ್ರಷ್, ಲೋಟ, ಮಡಚಿದ ಗಾಜ್ ಬಟ್ಟೆಗಳು, ಮುಚ್ಚಳವಿರುವ ಡಬ್ಬಿಯಲ್ಲಿ ಹಲ್ಲಿನ ಸೆಟ್ ಇದ್ದವು. ಫಜ್ರ್‌ಗೆ ತಯಮ್ಮುಮ್ ಮಾಡಿಸುವ ಮೊದಲು ಮಗ, ಇಶಾ ಕಳೆದು ಮಲಗಿಸುವ ಮೊದಲು ಸೊಸೆ ಬಾಯಿ ಶುಚಿ ಮಾಡುವುದೆಂದು ಅವರೇ ಹಂಚಿಕೊಂಡಿದ್ದರು. ಅಜ್ಜ ಆಮೇಲೆ ಹದಿನಾಲ್ಕು ತಿಂಗಳು ಇದ್ದರು. ಆ ಅವಧಿಯಲ್ಲಿ ಎದೆಯ ತೊಂದರೆಗೆಂದು ಆಸ್ಪತ್ರೆಗೆ ಹೋದದ್ದು ಒಮ್ಮೆ. ಒಬ್ಬರ ಕಥೆಯಿಂದ ಏನನ್ನೂ ಸಾಬೀತು ಮಾಡಲಾಗದು ಎಂದು ನನಗೆ ಗೊತ್ತು. ಸೊಸೆ ನನಗೆ ಹೇಳಿದ್ದು ಬೇರೆಯೇ ವಿಷಯ. ಬಾಯಿಯ ವಾಸನೆ ಹೋದ ಮೇಲೆ ಮೊಮ್ಮಕ್ಕಳು ಮತ್ತೆ ಅಜ್ಜನ ಮಗ್ಗುಲಲ್ಲಿ ಬಂದು ಕುಳಿತುಕೊಳ್ಳತೊಡಗಿದ್ದರಂತೆ.